ಡಿಶ್ ಬದಲಿ ಮಾಡಿದ ಮ್ಯಾಲ ಸ್ಟ್ರೆಂತ್ ಫುಲ್, ಕ್ವಾಲಿಟಿ 18ಕ್ಕ ನಿಂತದ, ಏನ್ ಮಾಡ್ಲಿ?

ತೊಗರಿ_ಹೊಲ:
ನಮಸ್ಕಾರ್ರಿ ಎಲ್ರಿಗಿ. ನಮ್ಮೂರು ಚಿತ್ತಾಪುರ ಹತ್ರ. ಹೋದ ವಾರ ಗಾಳಿ ಮಳಿ ಬಂದು ಮಾಳಗಿ ಮ್ಯಾಲಿನ ಹಳೇ ಡಿಶ್ ಬಿದ್ದು ಮಡಚಿ ಹೋಯ್ತು, ಅದಕ್ಕ ಕಲಬುರಗಿಗಿ ಹೋಗಿ ಹೊಸ 2 ಅಡಿ ಡಿಶ್, ಹೊಸ ಎಲ್‌ಎನ್‌ಬಿ (ಡಿಶ್ ಮುಂದ ಸಿಗ್ನಲ್ ಹಿಡಿಯೋ ಡಬ್ಬಿ) ತಂದು ನಾನೇ ಕೂಡಿಸೀನಿ. ಬಾಕ್ಸ್ ಹಳೇದೇ, ಡಿಡಿ ಫ್ರೀ ಡಿಶ್. ಕೇಬಲ್ಲೂ ಹಳೇದೇ. ಈಗ ಏನಾಗ್ಯದ ಅಂದ್ರ ಸ್ಟ್ರೆಂತ್ 85 ತೋರಸ್ತದ, ಕ್ವಾಲಿಟಿ ಮಾತ್ರ 15, 18, ಒಮ್ಮೊಮ್ಮೆ 25, ಮತ್ತ ಸೊನ್ನಿ. ಚಂದನ ಬರ್ತದ ಖರೆ ಆದ್ರ ಚೌಕ ಚೌಕ ಒಡದು ನಿಂತುಬಿಡ್ತದ, ಉಳಿದ ಚಾನಲ್ ಅರ್ಧಕ್ಕರ್ಧ ನೋ ಸಿಗ್ನಲ್. ಹಳೇ ಎಲ್‌ಎನ್‌ಬಿ ಕ್ಲಾಂಪಿನಾಗ ಸೊಟ್ಟ ಕೂತಿತ್ತು, ನಾ ಹೊಸದು ಛಂದ ನೆಟ್ಟಗ ಕೂಡಿಸೀನಿ, ನಟ್ ಎಲ್ಲಾ ಬಿಗಿ ಅವ. ಅಂಗಡಿಯಾಂವಗ ಫೋನ್ ಮಾಡಿದ್ರ ಬಾಕ್ಸ್ ಹೋಗ್ಯದ ಹೊಸದು ತೊಗೋ ಅಂತಾನ. ಖರೇನೇ ಬಾಕ್ಸ್ ಹೋಗಿರ್ತದೇನ್ರಿ?

ಯಾದಗಿರಿ_ಹುಡುಗ:
ಬಾಕ್ಸ್ ಬದಲಿ ಮಾಡಬ್ಯಾಡ ಅಣ್ಣ, ರೊಕ್ಕ ಹಾಳು. ಸ್ಟ್ರೆಂತ್ ನೋಡಿ ಮೋಸ ಹೋಗಬ್ಯಾಡ. ಬಾಕ್ಸಿಂದ ಎಲ್‌ಎನ್‌ಬಿ ತನಕ ಕರೆಂಟ್ ಹೋಗಿ ಬರಲತದ ಅನ್ನೋದಷ್ಟೇ ಅದರ ಅರ್ಥ, ಡಿಶ್ ಗ್ವಾಡಿ ಕಡಿ ಮುಖ ಮಾಡಿ ಇಟ್ರೂ ಸ್ಟ್ರೆಂತ್ ತೋರಸ್ತದ. ನೋಡೋದು ಕ್ವಾಲಿಟಿ ಒಂದೇ. ದೊಡ್ಡ ಡಿಶ್ ಹಾಕು, 3 ಅಡಿದು, ಸಾಪ್ ಬರ್ತದ.

ಶಹಾಬಾದ್_ಪರ್ಸಿ:
ದೊಡ್ಡ ಡಿಶ್ ಯಾಕ ಬೇಕು? ಅದೇ ಮಾಳಗಿ ಮ್ಯಾಲ ಹೋದ ವಾರ ತನಕ ಸಣ್ಣದ್ರಾಗೇ ಬರ್ತಿತ್ತಲ್ಲ. ದಿಕ್ಕು ತಪ್ಪಿದ್ರ 3 ಅಡಿ ಡಿಶ್ ಹಿಡಿಯೋದು ಇನ್ನೂ ಕಷ್ಟ.

ನಾ ಹತ್ತು ವರ್ಷ ಡಿಶ್ ಕೂಡಿಸೋ ಕೆಲಸಾನೇ ಮಾಡೀನಿ, ನಿಮ್ಮ ತಪ್ಪು ನೀವೇ ಬರದೀರಿ ನೋಡ್ರಿ, "ಹೊಸದು ಛಂದ ನೆಟ್ಟಗ ಕೂಡಿಸೀನಿ" ಅಂತ. ಹಳೇದು ಸೊಟ್ಟ ಇದ್ದಿದ್ದೇ ಬರೋಬರ್! ಫ್ರೀ ಡಿಶ್ ಬರೋದು ಜಿಸ್ಯಾಟ್-15 ಉಪಗ್ರಹದಿಂದ, ಅದು 93.5 ಡಿಗ್ರಿ ಪೂರ್ವ ರೇಖಾಂಶಕ್ಕ ಅದ, ನಾವು ಇರೋದು 77 ಹತ್ರ. ಅಂದ್ರ ಅದು ನಮ್ಮ ನೆತ್ತಿ ನೇರಕ್ಕೂ ಇಲ್ಲ, ಬರೋಬರ್ ದಕ್ಷಿಣಕ್ಕೂ ಇಲ್ಲ, ಪೂರ್ವಕ್ಕ ಸರದು ನಿಂತದ. ಅದಕ್ಕ ಅಲ್ಲಿಂದ ಬರೋ ವರ್ಟಿಕಲ್ (ನಿಂತ ಅಲಿ), ಹಾರಿಜಾಂಟಲ್ (ಅಡ್ಡ ಅಲಿ) ಸಿಗ್ನಲ್ ಎರಡೂ ನಮ್ಮ ಕಡಿ ಬರೋ ಹೊತ್ತಿಗಿ ವಾಲಿರ್ತಾವ. ಎಲ್‌ಎನ್‌ಬಿ ನೆಟ್ಟಗ ಇಟ್ರ ಒಂದರಾಗ ಇನ್ನೊಂದು ಕಲಸಿ ಕ್ವಾಲಿಟಿ ಸತ್ತು ಹೋಗ್ತದ. ಕ್ಲಾಂಪ್ ಸಡ್ಲ ಮಾಡಿ ಎಲ್‌ಎನ್‌ಬಿ ನಿಂತಲ್ಲೇ ತಿರುವ್ರಿ, ಒಂದೊಂದು ಬೆರಳಿನಷ್ಟು. ತಿರುವಿ 4-5 ಸೆಕೆಂಡ್ ತಡೀರಿ, ಮೀಟರ್ ತಡಾ ಮಾಡಿ ಏರ್ತದ, ಗಡಬಡಿ ಮಾಡಿದ್ರ ಛಲೋ ಜಾಗ ದಾಟಿ ಹೋಗಿಬಿಡ್ತೀರಿ.

ಅದಕ್ಕೂ ಮೊದ್ಲ ದಿಕ್ಕು ನೋಡ್ಕೋರಿ. ಕಲಬುರಗಿದಾಗ ಬರೋಬರ್ ಆಗ್ನೇಯ, ಉತ್ತರದಿಂದ 135 ಡಿಗ್ರಿ. ಬೀದರ್‌ದಾಗ 137, ಯಾದಗಿರಿದಾಗ 134-135, ಹೆಚ್ಚು ಫರಕ್ ಇಲ್ಲ. ಎತ್ತರ 62 ಡಿಗ್ರಿ. ಆದ್ರ ಡಿಶ್ ಮುಖ ನೋಡಿದ್ರ 40 ಡಿಗ್ರಿ ಹತ್ರನೇ ಎದ್ದಂಗ ಕಾಣಸ್ತದ, ಆಫ್‌ಸೆಟ್ ಡಿಶ್ (ಎಲ್‌ಎನ್‌ಬಿ ನಡುಕ ಇಲ್ದ ಕೆಳಗ ಕೂಡೋ ಡಿಶ್) ಇರೋದೇ ಹಂಗ, ಅದು ತಪ್ಪಲ್ಲ. ಮೊಬೈಲ್ ಕಂಪಾಸ್ ಹಿಡೀವಾಗ ಡಿಶ್ ಪೈಪಿನಿಂದ ನಾಕು ಹೆಜ್ಜಿ ದೂರ ನಿಲ್ರಿ, ಕಬ್ಬಿಣ ಹತ್ರ ಇದ್ರ ಸುಳ್ಳು ಹೇಳ್ತದ. ಮತ್ತ ಎದುರು ಗಿಡ ಇದ್ರೂ ಹೆದ್ರಬ್ಯಾಡ್ರಿ, 62 ಡಿಗ್ರಿ ಅಂದ್ರ 10 ಅಡಿ ದೂರದ ಗಿಡ ಡಿಶ್‌ಕಿಂತ 19 ಅಡಿ ಮ್ಯಾಲ ಇದ್ರ ಮಾತ್ರ ಅಡ್ಡ.

ಜೇವರ್ಗಿ_ಕಾಕಾ:
ದೊಡ್ಡ ಡಿಶ್ ಅಂದಿದ್ದಕ್ಕ ನೆನಪಾಯ್ತು. 1975 ಆಗಸ್ಟ್‌ದಿಂದ 76 ಜುಲೈ ತನಕ ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾದ ಹಳ್ಳಿಗೋಳಿಗಿ ಅಮೇರಿಕಾದ ಎಟಿಎಸ್-6 ಉಪಗ್ರಹದಿಂದ ನೇರ ಟಿವಿ ಬರ್ತಿತ್ತು, ಸೈಟ್ ಅಂತ ಯೋಜನಾ. ಡಿಶ್ ಅಂದ್ರ 10 ಅಡಿದು, ಕೋಳಿ ಗೂಡಿಗಿ ಹಚ್ತಾರಲ್ಲ ಅಂಥಾ ಜಾಳಗಿದು. ಈಗಿನ ಹುಡುಗರು 2 ಅಡಿದಾಗ ಬರವಲ್ದು ಅಂತ ಅಳ್ತೀರಿ 😄 ಪರ್ಸಿ ಅವ್ರು ಹೇಳಿದಂಗ ತಿರುವಿ ನೋಡಪ್ಪ.

ತೊಗರಿ_ಹೊಲ:
ಯಪ್ಪಾ ಅಣ್ಣ ಖರೇನೇ! ತಮ್ಮಗ ಟಿವಿ ಮುಂದ ಕೂಡ್ಸಿ ವಾಟ್ಸಾಪ್ ವಿಡಿಯೋ ಕಾಲ್ ಹಚ್ಚಿ ಎಲ್‌ಎನ್‌ಬಿ ತಿರುವಿದೆ, ಮೊದ್ಲ ಉಲ್ಟಾ ಕಡಿ ತಿರುವಿ ಸೊನ್ನಿ ಆಯ್ತು, ಮತ್ತ ಈ ಕಡಿ ತಿರುವಿದ್ರ 18 ಇದ್ದಿದ್ದು 40, 55, 67. ಡಿಶ್ ಒಂಚೂರು ಪೂರ್ವಕ್ಕ ಸರಿಸಿದ ಮ್ಯಾಲ 72. ಚಂದನ ಸಾಪ್. ಆದ್ರ ಇನ್ನೂ ಕೆಲವು ಚಾನಲ್ ಬರವಲ್ದು, ಒಂದು ಗುಂಪೇ ಪೂರ್ತಿ ಗಾಯಬ್ ಆದಂಗ ಅದ.

ಶಹಾಬಾದ್_ಪರ್ಸಿ:
ಪೂರ್ತಿ ಗುಂಪು ಗಾಯಬ್ ಅಂದ್ರ ಕೇಬಲ್ ಮ್ಯಾಲ ಡೌಟ್. ಬಾಕ್ಸ್ ವರ್ಟಿಕಲ್‌ಗಿ 13 ವೋಲ್ಟ್ ಕಳಸ್ತದ, ಹಾರಿಜಾಂಟಲ್‌ಗಿ 18. ಹಳೇ ಕೇಬಲ್ ನೀರು ಕುಡದಿದ್ರ, ನಡುಕ ಜಾಯಿಂಟ್ ಇದ್ರ 18 ಹೋಗಿ ಮುಟ್ಟೂದ್ರಾಗ ಇಳದಿರ್ತದ, ಎಲ್‌ಎನ್‌ಬಿಗಿ ಹಾರಿಜಾಂಟಲ್ ಕೇಳ್ಯಾರ ಅಂತ ತಿಳಿಯಂಗಿಲ್ಲ. ಬಾಕ್ಸ್ ಸ್ವಿಚ್ ಬಂದ್ ಮಾಡಿ ಎರಡೂ ತುದಿ ಕನೆಕ್ಟರ್ ಬಿಚ್ಚಿ ನೋಡ್ರಿ, ಜಾಳಗಿ ತಂತಿದು ಒಂದು ಎಳಿ ನಡುಕಿನ ತಾಮ್ರಕ್ಕ ತಾಕಿರಬಾರ್ದು, ತಾಮ್ರ ಹಸಿರು ಆಗಿರಬಾರ್ದು. ಇನ್ನೊಂದು, ಈಗ ಕೆಲವು ಚಾನಲ್ ಎಂಪೆಗ್-4 ಅನ್ನೋ ಹೊಸ ನಮೂನಿ ಬಾಕ್ಸಿನಾಗ ಮಾತ್ರ ಬರ್ತಾವ, ಮೊದ್ಲಿಂದಾನೂ ಬರದಿದ್ದ ಚಾನಲ್ ಹುಡುಕಬ್ಯಾಡ್ರಿ ಮತ್ತ.

ತೊಗರಿ_ಹೊಲ:
ಸಿಕ್ತು. ಜೀನಿ ಹತ್ರ ಕೇಬಲ್‌ಗಿ ಟೇಪ್ ಸುತ್ತಿದ ಜಾಯಿಂಟ್ ಇತ್ತು, ಬಿಚ್ಚಿದ್ರ ಒಳಗ ನೀರು. ನಾನೇ ಮೂರು ವರ್ಷದ ಹಿಂದ ಸುತ್ತಿದ್ದು, ಮರತೇ ಹೋಗಿತ್ತು. 15 ಮೀಟರ್ ಹೊಸ ಆರ್‌ಜಿ-6 ಡಿಶ್ ಕೇಬಲ್ ತಂದು ಜಾಯಿಂಟ್ ಇಲ್ಲದಂಗ ಎಳದೀನಿ, ಹೋಗಿದ್ದ ಚಾನಲ್ ಎಲ್ಲಾ ಬಂದಾವ. ಅವ್ವ ಮಾತ್ರ ಕೆಳಗ ನಿಂತು ಎಲ್‌ಎನ್‌ಬಿ ನೋಡಿ "ಸೊಟ್ಟ ಕೂಡಿಸೀದಿ, ನೆಟ್ಟಗ ಮಾಡು" ಅನ್ನಲತಾಳ.