‘ಅವರ ಪ್ರತಿಮೆ’ ಅಂದರೆ ಯಾರ ಪ್ರತಿಮೆ?

ಮೊನ್ನೆ ಒಂದು ಚಿತ್ರಲೇಖನಕ್ಕೆ ಅಡಿಬರಹ ಬರೆದುಕೊಡುವಾಗ ಎಡವಟ್ಟು ಮಾಡಿಕೊಂಡೆ. ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್‌ನಲ್ಲಿ, ಲಾಂಗ್ ವಾಟರ್ ಎಂಬ ಕೊಳದ ದಂಡೆಯಲ್ಲಿ ನಿಂತಿರುವ ಬಿಳಿಗಲ್ಲಿನ ಕಮಾನಿನ ಚಿತ್ರ ಅದು. ಶಿಲ್ಪಿ ಹೆನ್ರಿ ಮೂರ್ ಮಾಡಿದ್ದು. ಕೆಳಗೆ ‘ಹೆನ್ರಿ ಮೂರ್ ಅವರ ಪ್ರತಿಮೆ’ ಎಂದು ಬರೆದು ಕಳಿಸಿಬಿಟ್ಟೆ. ಅಚ್ಚಾದ ಮೇಲೆ ಓದುಗರೊಬ್ಬರು ಕೇಳಿದರು: “ಸಾರ್, ಇದರಲ್ಲಿ ಮೂರ್ ಎಲ್ಲಿದ್ದಾರೆ? ನನಗೆ ಎರಡು ಕಾಲಿನ ಮೂಳೆಯೊಂದು ಕಾಣ್ತಿದೆ ಅಷ್ಟೆ.”

ಮೂಳೆ ಎಂದದ್ದು ಸರಿಯಾಗಿಯೇ ಇತ್ತು. ಮೂರ್ ಆ ಆಕಾರವನ್ನು ಎತ್ತಿಕೊಂಡದ್ದೇ ಮೂಳೆಯಿಂದ. ಏಳು ಟ್ರಾವರ್ಟೈನ್ ಕಲ್ಲುಗಳು, 6 ಮೀಟರ್ ಎತ್ತರ, 37 ಟನ್ ತೂಕ. 1980ರಲ್ಲಿ ದೇಶಕ್ಕೆ ಕೊಟ್ಟದ್ದು, 1996ರಲ್ಲಿ ವಾಲುತ್ತಿದೆ ಎಂದು ಬಿಚ್ಚಿಟ್ಟದ್ದು, 2012ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ನಮ್ಮದೇ ಷಷ್ಠಿ ವಿಭಕ್ತಿಯ ಚೇಷ್ಟೆ. ‘ಅವರ ಪ್ರತಿಮೆ’ ಎಂದರೆ ಅವರು ಮಾಡಿದ್ದೋ, ಅವರನ್ನು ಹೋಲುವುದೋ, ಅವರ ಮನೆಯಲ್ಲಿರುವುದೋ? ‘ಅವರ ಕವಿತೆ’ ಎಂದಾಗ ಯಾರೂ ತಬ್ಬಿಬ್ಬಾಗುವುದಿಲ್ಲ. ಪ್ರತಿಮೆ ಬಂದಾಗ ಮಾತ್ರ ಕನ್ನಡದ ಕಿವಿ ತಟ್ಟನೆ ಹೋಲಿಕೆಯ ಕಡೆ ಓಡುತ್ತದೆ.

ಅದಕ್ಕೆ ಕಾರಣ ಪದದ ಹೊಟ್ಟೆಯಲ್ಲೇ ಇದೆ. ‘ಪ್ರತಿ’ ಮತ್ತು ಅಳೆಯುವ ಅರ್ಥದ ‘ಮಾ’ ಧಾತು ಸೇರಿ ಪ್ರತಿಮೆ. ಇನ್ನೊಂದಕ್ಕೆ ಸರಿಸಮವಾಗಿ ಅಳೆದು ಮಾಡಿದ್ದು. ಅಳತೆಗೆ ಎದುರಿಗೊಬ್ಬರು ಬೇಕೇ ಬೇಕು. ಮೂರ್ ಮಾಡಿದ ಕಮಾನಿಗೆ ಹಾಗೆ ಎದುರು ನಿಂತವರು ಯಾರೂ ಇಲ್ಲ, ಆದ್ದರಿಂದ ಅದು ಪ್ರತಿಮೆಯಲ್ಲ, ಶಿಲ್ಪ. ಇಷ್ಟಕ್ಕೇ ಮುಗಿದಿದ್ದರೆ ಈ ಬರಹವೇ ಬೇಕಿರಲಿಲ್ಲ. ಅದೇ ತೋಟದಲ್ಲಿ, ಕೆನ್ಸಿಂಗ್ಟನ್ ಅರಮನೆಯ ಮುಂದೆ, ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಇದೆ. ಪಟ್ಟಾಭಿಷೇಕದ ಉಡುಪಿನ ಹದಿಹರೆಯದ ರಾಣಿ. 1893ರ ಕೆಲಸ. ಕಡೆದವಳು ರಾಣಿಯ ಮಗಳು, ರಾಜಕುಮಾರಿ ಲೂಯಿಸ್. ಈಗ ‘ಲೂಯಿಸಳ ಪ್ರತಿಮೆ’ ಎಂದು ಬರೆದು ನೋಡಿ. ತಾಯಿ ಹೋಗಿ ಮಗಳು ಪೀಠವೇರಿ ಕೂತಳು! ‘ಲೂಯಿಸ್ ಕಡೆದ ವಿಕ್ಟೋರಿಯಾ ಪ್ರತಿಮೆ’ ಎಂದು ಕ್ರಿಯಾಪದ ತಂದು ಬಿಡಿಸಿ ಹೇಳದೆ ಗತಿಯಿಲ್ಲ.

ಆ ಕ್ರಿಯಾಪದದಲ್ಲೂ ಒಂದು ತಕರಾರು. ಪತ್ರಿಕೆಗಳಲ್ಲಿ ‘ಕಂಚಿನ ಪ್ರತಿಮೆ ಕೆತ್ತಿದ ಶಿಲ್ಪಿ’ ಎಂದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕಲ್ಲನ್ನು ಕೆತ್ತಬಹುದು, ಕಡೆಯಬಹುದು, ಕಂಡರಿಸಬಹುದು. ಕಂಚನ್ನು ಎರಕ ಹೊಯ್ಯಬೇಕು. ಇಷ್ಟು ಒಳ್ಳೆಯ ಪದ ಕೈಯಲ್ಲಿದ್ದೂ ಯಾಕೆ ಬಿಡುತ್ತೇವೋ. ಇದಕ್ಕೆ ಅಂಟಿಕೊಂಡೇ ಇನ್ನೊಂದು: ‘ಶಿಲೆ ಇದ್ದರೆ ತಾನೇ ಶಿಲ್ಪ, ಕಂಚಿನ ಶಿಲ್ಪ ಅನ್ನುವುದು ತಪ್ಪಲ್ಲವೇ’ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಶಿಲ್ಪ ಎಂದರೆ ಮೂಲದಲ್ಲಿ ಕೈಚಳಕ, ಕುಶಲ ಕೆಲಸ. ಶಿಲೆಯ ನೆರಳು ನಾವು ಆಮೇಲೆ ಹೊದಿಸಿದ್ದು.

ಇನ್ನು ನಿಜವಾದ ಸಿಕ್ಕು. ಪಕ್ಕದ ಹೈಡ್ ಪಾರ್ಕಿನಲ್ಲಿ ಗ್ರೀಕ್ ಪುರಾಣದ ವೀರ ಅಕಿಲಿಸ್ ನಿಂತಿದ್ದಾನೆ. 18 ಅಡಿಯ ಕಂಚಿನ ಆಳು, ಕೈಯಲ್ಲಿ ಗುರಾಣಿ, ಮೈಮೇಲೆ ಬಟ್ಟೆಯಿಲ್ಲ. ರಿಚರ್ಡ್ ವೆಸ್ಟ್‌ಮಕಾಟ್ ಮಾಡಿದ್ದು, 1822ರಲ್ಲಿ ನಿಲ್ಲಿಸಿದ್ದು. ಸಾಲಮಾಂಕಾ, ವಿಟೋರಿಯಾ, ಟೂಲೂಸ್, ವಾಟರ್ಲೂ ಯುದ್ಧಗಳಲ್ಲಿ ಹಿಡಿದ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದರು. ಆದರೆ ಅದು ಅರ್ಪಿತವಾದದ್ದು ಆ ಯುದ್ಧಗಳ ಬ್ರಿಟಿಷ್ ಸೇನಾಪತಿ ಡ್ಯೂಕ್ ಆಫ್ ವೆಲಿಂಗ್ಟನ್‌ಗೆ ಮತ್ತು ಅವನ ಸಂಗಡ ಕಾದಿದವರಿಗೆ. ಹಣ ಹಾಕಿದವರು ದೇಶದ ಹೆಂಗಸರು, ಪೀಠದ ಬರಹದಲ್ಲಿ ಅದನ್ನೂ ಹೇಳಿದೆ. ಹೆಂಗಸರು ಕೂಡಿಸಿದ ಹಣದಲ್ಲಿ ಬರಿಮೈ ಗಂಡಸು ಎದ್ದು ನಿಂತನೆಂದು ಆ ಕಾಲದ ವ್ಯಂಗ್ಯಚಿತ್ರಕಾರರಿಗೆ ಹಬ್ಬ. ಕೊನೆಗೆ ಅಂಜೂರದ ಎಲೆಯೊಂದನ್ನು ಹಚ್ಚಬೇಕಾಯಿತು. ಮೈಕಟ್ಟನ್ನು ತೆಗೆದುಕೊಂಡದ್ದು ರೋಮಿನ ಹಳೆಯ ಕುದುರೆ ಪಳಗಿಸುವವರ ಶಿಲ್ಪದಿಂದ, ಅಂದರೆ ಅದು ಅಕಿಲಿಸನ ಮೈಯೂ ಅಲ್ಲ.

ಈ ಒಂದೇ ವಸ್ತುವಿಗೆ ಮೂರು ಹೆಸರು ಒಪ್ಪುತ್ತವೆ: ಅಕಿಲಿಸನ ಪ್ರತಿಮೆ, ವೆಲಿಂಗ್ಟನ್ ಸ್ಮಾರಕ, ವೆಸ್ಟ್‌ಮಕಾಟ್ ಮಾಡಿದ ಶಿಲ್ಪ. ನನಗನ್ನಿಸುವುದು ಇಷ್ಟು: ಇವು ಮೂರು ಬಗೆಯ ವಸ್ತುಗಳ ಹೆಸರಲ್ಲ, ಮೂರು ಪ್ರಶ್ನೆಗಳ ಉತ್ತರ. ಯಾರ ಹಾಗಿದೆ ಎಂದರೆ ಪ್ರತಿಮೆ, ಯಾರಿಗಾಗಿ ಎಂದರೆ ಸ್ಮಾರಕ, ಯಾರ ಕೈಯದು ಎಂದರೆ ಶಿಲ್ಪ. ನಿಘಂಟುಗಳು ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಟ್ಟು ನಮ್ಮನ್ನು ದಾರಿ ತಪ್ಪಿಸುತ್ತವೆ.

ಇದನ್ನು ಒರೆಗೆ ಹಚ್ಚಲು ಕಲಾವಿದ ಜಿ. ಎಫ್. ವಾಟ್ಸ್ ಮಾಡಿದ ‘ಫಿಸಿಕಲ್ ಎನರ್ಜಿ’ಗಿಂತ ಒಳ್ಳೆಯದು ಸಿಗಲಿಲ್ಲ. ಕುದುರೆ, ಮೇಲೊಬ್ಬ ಸವಾರ, ಕಣ್ಣಿಗೆ ಬಿಸಿಲು ತಾಗದಂತೆ ಕೈ ಅಡ್ಡ ಹಿಡಿದು ದೂರ ನೋಡುತ್ತಿದ್ದಾನೆ. ಸವಾರ ಇಂಥವನೆಂದಿಲ್ಲ. ಆದ್ದರಿಂದ 1907ರಲ್ಲಿ ಕೆನ್ಸಿಂಗ್ಟನ್ ಗಾರ್ಡನ್ಸ್‌ಗೆ ಬಂದ ಎರಕ ಬರೀ ಶಿಲ್ಪ. ಇದೇ ಅಚ್ಚಿನ ಇನ್ನೊಂದು ಎರಕ ಕೇಪ್‌ಟೌನ್‌ನಲ್ಲಿ ವಸಾಹತುಶಾಹಿ ರಾಜಕಾರಣಿ ಸೆಸಿಲ್ ರೋಡ್ಸ್ ಸ್ಮಾರಕದ ಭಾಗವಾಗಿ ನಿಂತಿದೆ. ಅದೇ ಕುದುರೆ, ಅದೇ ಸವಾರ, ಅಲ್ಲಿ ಹೋದ ಕೂಡಲೇ ಸ್ಮಾರಕದ ಕೆಲಸಕ್ಕೆ ಸೇರಿತು. ಹೆಸರು ವಸ್ತುವಿನ ಮೈಯಲ್ಲಿಲ್ಲ ಎನ್ನುವುದಕ್ಕೆ ಇನ್ನೇನು ಬೇಕು? ವಿಕ್ಟೋರಿಯಾಳ ಗಂಡನ ನೆನಪಿನ ಆಲ್ಬರ್ಟ್ ಸ್ಮಾರಕ ಇದನ್ನೇ ತಿರುವಿ ತೋರಿಸುತ್ತದೆ. 54 ಮೀಟರ್ ಎತ್ತರದ ಆ ಗಾಥಿಕ್ ಮಂಟಪವನ್ನು 1872ರಲ್ಲಿ ತೆರೆದಾಗ ಒಳಗೆ ಆಲ್ಬರ್ಟನೇ ಇರಲಿಲ್ಲ, ಪ್ರತಿಮೆ ಬಂದು ಕೂತದ್ದು ಕೆಲವು ವರ್ಷ ಬಿಟ್ಟು. ಪ್ರತಿಮೆ ಇಲ್ಲದೆಯೂ ಸ್ಮಾರಕ ಸ್ಮಾರಕವೇ ಆಗಿತ್ತು.

ಆದರೆ ‘ಸ್ಮಾರಕ’ಕ್ಕೆ ಕನ್ನಡದಲ್ಲಿ ಹೊರೆ ಜಾಸ್ತಿಯಾಗಿದೆ. ಮೆಮೋರಿಯಲ್ಲಿಗೂ ಅದೇ, ಮಾನ್ಯುಮೆಂಟಿಗೂ ಅದೇ. ಹಂಪೆಯ ಗಜಶಾಲೆಯೂ ಸಂರಕ್ಷಿತ ಸ್ಮಾರಕ. ಅದನ್ನು ಯಾರ ನೆನಪಿಗೂ ಕಟ್ಟಿದ್ದಲ್ಲ, ಆನೆ ಕಟ್ಟಲು ಕಟ್ಟಿದ್ದು. ಹಳೆಯ ಕಟ್ಟಡವೆಲ್ಲ ಸ್ಮಾರಕವಾದ ಮೇಲೆ, ಸತ್ತವರಿಗಾಗಿಯೇ ನಿಲ್ಲಿಸಿದ್ದನ್ನು ಬೇರೆ ಮಾಡಿ ಹೇಳಲು ಪದ ಉಳಿಯಲಿಲ್ಲ.

ಹೈಡ್ ಪಾರ್ಕಿನ ಜುಲೈ 7ರ ಸ್ಮಾರಕದ ಮುಂದೆ ನನ್ನ ಪೆನ್ನು ನಿಂತದ್ದು ಇದಕ್ಕೇ. 2005ರಲ್ಲಿ ಆ ದಿನ ಲಂಡನ್ನಿನಲ್ಲಿ ನಡೆದ ಬಾಂಬ್ ದಾಳಿಯಲ್ಲಿ ಸತ್ತ 52 ಮಂದಿಗೆ 52 ಉಕ್ಕಿನ ಕಂಬಗಳು, ಒಂದೊಂದೂ ಮೂರೂವರೆ ಮೀಟರ್. ದಾಳಿ ನಡೆದ ನಾಲ್ಕು ಜಾಗಗಳಿಗೆ ನಾಲ್ಕು ಗುಂಪು. ಕಂಬಗಳನ್ನು ಬಿಡಿಬಿಡಿಯಾಗಿ ಎರಕ ಹೊಯ್ದದ್ದರಿಂದ ಒಂದರ ಮೈಮೇಲಿನ ತರಿ ಇನ್ನೊಂದರಂತಿಲ್ಲ. ದೂರದಿಂದ ಎಲ್ಲ ಒಂದೇ, ಕೈ ಸವರಿದರೆ ಬೇರೆ ಬೇರೆ. ಮೊದಲು ‘ಹುತಾತ್ಮ ಸ್ಮಾರಕ’ ಎಂದು ಬರೆದು, ನಾಚಿಕೆಯಾಗಿ ಹೊಡೆದು ಹಾಕಿದೆ. ಹುತಾತ್ಮ ಎಂದರೆ ತನ್ನನ್ನು ತಾನೇ ಆಹುತಿ ಕೊಟ್ಟವನು. ಇವರು ಬೆಳಗ್ಗೆ ರೈಲು, ಬಸ್ಸು ಹಿಡಿದು ಕೆಲಸಕ್ಕೆ ಹೊರಟವರು. ‘ವೀರಗಲ್ಲು’ ನಮ್ಮದೇ ಪದ, ಒಬ್ಬೊಬ್ಬರಿಗೆ ಒಂದೊಂದು ನಿಲ್ಲಿಸುವ ರೂಢಿಯೂ ಅದರದ್ದೇ. ಆದರೆ ಇವರು ಕಾದಿ ಮಡಿದವರಲ್ಲ, ಇದು ಕಲ್ಲೂ ಅಲ್ಲ. ‘ಸ್ತಂಭ’ ಎಂದರೆ ವಿಜಯದ ವಾಸನೆ. ಕೊನೆಗೆ ‘ನೆನಪಿನ ಕಂಬಗಳು’ ಎಂದು ಬರೆದೆ. ಕಂಬ ಕೊಂಚ ಬಡಪಾಯಿ ಪದ, ದೀಪದ ಕಂಬ, ವಿದ್ಯುತ್ ಕಂಬಗಳ ಸಾಲಿನದು. ಇಲ್ಲಿ ಆ ಬಡತನವೇ ಸರಿ ಎನಿಸಿತು. ಒಪ್ಪದವರು ಇದಕ್ಕಿಂತ ಒಳ್ಳೆಯದನ್ನು ಹೇಳಿದರೆ ಈಗಲೇ ಬದಲಿಸುತ್ತೇನೆ.

ಹೈಡ್ ಪಾರ್ಕಿನಲ್ಲೇ ರಾಜಕುಮಾರಿ ಡಯಾನಾಳ ನೆನಪಿಗೆ ಮಾಡಿರುವುದರದು ಇನ್ನೊಂದು ಪೇಚು. ಇಂಗ್ಲಿಷಿನಲ್ಲಿ ಫೌಂಟನ್, ಕನ್ನಡದಲ್ಲಿ ಸಲೀಸಾಗಿ ‘ಕಾರಂಜಿ’. ಆದರೆ ಅಲ್ಲಿ ಏನೂ ಚಿಮ್ಮುವುದಿಲ್ಲ! ಕಾರ್ನ್‌ವಾಲಿನ ಗ್ರಾನೈಟಿನ 545 ತುಂಡುಗಳನ್ನು ಜೋಡಿಸಿ ಹುಲ್ಲಿನ ಮೇಲೆ ಒಂದು ಮೊಟ್ಟೆಯಾಕಾರದ ಬಳೆ ಮಾಡಿದ್ದಾರೆ. ಎತ್ತರದ ತುದಿಯಲ್ಲಿ ನೀರು ಹೊರಟು ಎರಡು ಕಡೆಗೆ ಕವಲೊಡೆಯುತ್ತದೆ. ಒಂದು ಕಡೆ ಕುಪ್ಪಳಿಸಿಕೊಂಡು, ಇನ್ನೊಂದು ಕಡೆ ಸದ್ದಿಲ್ಲದೆ ಇಳಿದು, ಕೆಳಗಿನ ಕೊಳದಲ್ಲಿ ಕೂಡುತ್ತದೆ. ಕಾರಂಜಿ ಎಂದು ಓದಿದವನು ಮೇಲೆ ನೋಡುತ್ತಾನೆ, ಇದು ಕಾಲಡಿ ಹರಿಯುತ್ತಿರುತ್ತದೆ. ಚಿಲುಮೆ, ಬುಗ್ಗೆ ಎಂದರೆ ನೆಲದಿಂದ ತಾನಾಗಿ ಉಕ್ಕಿದ್ದು. ‘ಡಯಾನಾ ನೆನಪಿನ ತೊರೆ’ ಎಂದು ಇಟ್ಟುಕೊಂಡಿದ್ದೇನೆ.

ಪುತ್ಥಳಿಯನ್ನು ಬಿಟ್ಟೆನೆಂದು ಬೈಯಬೇಡಿ. ಅದರ ಮೂಲಾರ್ಥ ಗೊಂಬೆ. ಹಿಂದಿಯವರು ಬೀದಿಯಲ್ಲಿ ಸುಡುವುದು ಪುತ್ಲಾ, ನಾವು ಸುಡುವುದು ಪ್ರತಿಕೃತಿ. ಪುತ್ಥಳಿಗೆ ನಮ್ಮಲ್ಲಿ ಹಾರವೇ ಬೀಳುತ್ತದೆ. ಹೀಗೆ ಗೊಂಬೆಗೆ ಗೌರವ ಬಂದದ್ದು ಕನ್ನಡದ ಗಮ್ಮತ್ತು. ಆಲ್ಬರ್ಟನಿಗೆ 1998ರ ದುರಸ್ತಿಯಲ್ಲಿ ಮತ್ತೆ ಚಿನ್ನದ ರೇಕು ಹೊದಿಸಿದರು. ಆದ್ದರಿಂದ ಅವನು ಬಂಗಾರದ ಪುತ್ಥಳಿ ಹೌದು, ಪುತ್ಥಳಿ ಬಂಗಾರ ಅಲ್ಲ, ಒಳಗಿರುವುದು ಕಂಚು.

ಇವೆಲ್ಲ ಇರುವ ಜಾಗವನ್ನೇ ಏನೆನ್ನುವುದು? ‘ರಾಜೋದ್ಯಾನ’ ಸಾಕು. ‘ಉದ್ಯಾನವನ’ ಎನ್ನುವುದು ಉದ್ಯಾನಕ್ಕೆ ಸುಮ್ಮನೆ ಕಟ್ಟಿದ ಬಾಲ ಎಂದು ನಾನೇ ಎಷ್ಟೋ ಸಲ ಜಗಳ ತೆಗೆದಿದ್ದೇನೆ. ಆದರೆ ಹೈಡ್ ಪಾರ್ಕನ್ನು 1536ರಲ್ಲಿ ಎಂಟನೇ ಹೆನ್ರಿ ವೆಸ್ಟ್‌ಮಿನ್ಸ್ಟರ್ ಅಬೆಯಿಂದ ಕಿತ್ತುಕೊಂಡದ್ದು ಜಿಂಕೆ ಬೇಟೆಗೆ, ಜನರನ್ನು ಒಳಗೆ ಬಿಟ್ಟದ್ದು 1637ರಲ್ಲಿ. ಅಲ್ಲಿ ಮೊದಲಿದ್ದದ್ದು ವನವೇ, ಉದ್ಯಾನ ಆಮೇಲಿನದು. ಈ ಒಂದು ಕಡೆ ಬಾಲವನ್ನು ಕತ್ತರಿಸದೆ ಬಿಟ್ಟೆ.

ಕೊನೆಯದಕ್ಕೆ ನಿಜವಾಗಿಯೂ ಸಹಾಯ ಬೇಕು. ಪಾರ್ಕಿನ ಅಂಚಿಗೆ, ಪಾರ್ಕ್ ಲೇನ್ ರಸ್ತೆಯ ನಡುವೆ, ಯುದ್ಧಗಳಲ್ಲಿ ದುಡಿದು ಸತ್ತ ಪ್ರಾಣಿಗಳ ಸ್ಮಾರಕವಿದೆ, 2004ರದ್ದು. ಹೊರೆ ಹೊತ್ತ ಎರಡು ಕಂಚಿನ ಹೇಸರಗತ್ತೆಗಳು ಕಲ್ಲುಗೋಡೆಯ ಸಂದಿಯ ಕಡೆ ಹೆಜ್ಜೆ ಹಾಕುತ್ತಿವೆ, ಗೋಡೆಯ ಆಚೆ ಕುದುರೆ, ನಾಯಿ. ಗೋಡೆಯಲ್ಲಿ ಚಿಕ್ಕದೊಂದು ವಾಕ್ಯ: ‘ದೇ ಹ್ಯಾಡ್ ನೋ ಚಾಯ್ಸ್’. ‘ಬೇರೆ ದಾರಿಯಿರಲಿಲ್ಲ’ ಎಂಬಷ್ಟು ಸುಲಭ. ಆದರೆ ಯಾರಿಗೆ? ಇಂಗ್ಲಿಷಿನ ‘ದೇ’ ಸೈನಿಕನಿಗೂ ಹೇಸರಗತ್ತೆಗೂ ಒಂದೇ, ವಾಕ್ಯದ ಬಲವೆಲ್ಲ ಆ ಒಂದೇತನದಲ್ಲಿದೆ. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಆರಿಸಿಕೊಳ್ಳಬೇಕು. ‘ಅವಕ್ಕೆ’ ಎಂದರೆ ವ್ಯಾಕರಣ ಸರಿ, ಆದರೆ ಪ್ರಾಣಿಗಳನ್ನು ಮತ್ತೆ ಕೊಟ್ಟಿಗೆಗೆ ಕಟ್ಟಿದಂತೆ. ‘ಅವರಿಗೆ’ ಎಂದರೆ ಓದುಗ ಸೈನಿಕರನ್ನು ಹುಡುಕುತ್ತಾನೆ. ಸರ್ವನಾಮವನ್ನೇ ಬಿಟ್ಟು ‘ಬೇರೆ ದಾರಿಯಿರಲಿಲ್ಲ’ ಎಂದು ನಿಲ್ಲಿಸಿದರೆ, ಅದು ಯುದ್ಧಕ್ಕೆ ಕಳಿಸಿದವರು ಹೇಳಿಕೊಳ್ಳುವ ನೆಪದಂತೆ ಕೇಳಿಸುತ್ತದೆ. ಸದ್ಯಕ್ಕೆ ‘ಅವಕ್ಕೆ’ ಎಂದೇ ಬರೆದಿಟ್ಟಿದ್ದೇನೆ, ಪೆನ್ಸಿಲಿನಲ್ಲಿ. ನೀವಾದರೆ ಏನು ಬರೆಯುತ್ತಿದ್ದಿರಿ?