ಸಹಾಯ ಬೇಕು: ಪಾಚಿಯ ಆರ್‌ಎನ್‌ಎಯಿಂದ ಡಿಎನ್‌ಎ ಹೋಗುತ್ತಲೇ ಇಲ್ಲ
ಕ್ಲಾಮಿಡೋಮೊನಾಸ್ ಪಾಚಿಗೆ ನೈಟ್ರೋಜನ್ ತಪ್ಪಿಸಿ, ಒಂದು ಜೀನ್ ಎಷ್ಟು ಜಾಸ್ತಿ ಕೆಲಸ ಮಾಡುತ್ತದೆ ಎಂದು ಕ್ಯೂಪಿಸಿಆರ್‌ನಲ್ಲಿ (ಡಿಎನ್‌ಎ ನಕಲು ಹೆಚ್ಚುತ್ತಾ ಹೋಗುವುದನ್ನು ಸೈಕಲ್‌ನಿಂದ ಸೈಕಲ್‌ಗೆ ಅಳೆಯುವ ವಿಧಾನ) ನೋಡುತ್ತಿದ್ದೇನೆ. ಸ್ಯಾಂಪಲ್‌ನ ಸಿಟಿ (ಸಿಗ್ನಲ್ ಕಾಣಿಸಿಕೊಳ್ಳುವ ಸೈಕಲ್) 24. ಆದರೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡುವ ಕಿಣ್ವ) ಹಾಕದ ಕಂಟ್ರೋಲ್‌ನಲ್ಲೂ 27ಕ್ಕೆ ಗೆರೆ ಏಳುತ್ತಿದೆ! ಮೂರೇ ಸೈಕಲ್ ಅಂತರ, ಒಂದೊಂದು ಸೈಕಲ್‌ಗೂ ಸುಮಾರು ಎರಡು ಪಟ್ಟು. ಅಂದರೆ ಸಿಗ್ನಲ್‌ನ ಎಂಟನೇ ಒಂದು ಪಾಲು ಡಿಎನ್‌ಎಯದ್ದೇ ಅಲ್ವಾ?

ನೀರಿನ ಕಂಟ್ರೋಲ್ ಕ್ಲೀನ್ ಆಗಿದೆ. ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಎರಡು ಸಲ ಹಾಕಿದೆ. ಎರಡನೇ ಸಲ ಆರ್‌ಎನ್‌ಎಯೇ ಅರ್ಧ ಹೋಯಿತು, ಜೆಲ್‌ನಲ್ಲಿ ಬ್ಯಾಂಡ್ ಮಸುಕು. 260/230 (ಆರ್‌ಎನ್‌ಎ ಎಷ್ಟು ಶುದ್ಧ ಎಂದು ತೋರಿಸುವ ಅನುಪಾತ) ಕೂಡ 1.2 ಅಷ್ಟೇ, ಕಡಿಮೆ.

ನನ್ನ ಎರಡೂ ಪ್ರೈಮರ್ (ನಕಲು ಶುರುವಾಗುವ ಜಾಗ ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ಒಂದೇ ಎಕ್ಸಾನ್‌ನಲ್ಲಿವೆ, ಅಂದರೆ ಆರ್‌ಎನ್‌ಎಯಲ್ಲಿ ಉಳಿಯುವ ಜೀನ್ ಭಾಗದಲ್ಲಿ; ಹಾಗಾಗಿ ಅವು ಡಿಎನ್‌ಎಯನ್ನೂ ಹಿಡಿಯುತ್ತವೆ (ಮೊದಲೇ ನೋಡಬೇಕಿತ್ತು, ಬಿಡಿ). ಈ ಜೀನೋಮ್‌ನಲ್ಲಿ ಜಿಸಿ (ಡಿಎನ್‌ಎಯ ಜಿ ಮತ್ತು ಸಿ ಅಕ್ಷರಗಳ ಪಾಲು) ಸುಮಾರು 64%, ಹೊಸ ಪ್ರೈಮರ್‌ಗೆ ಒಳ್ಳೆ ಜಾಗ ಸಿಗುವುದೇ ಕಷ್ಟ.

ಎರಡು ಎಕ್ಸಾನ್ ಸೇರುವ ಕಡೆ ಪ್ರೈಮರ್ ಕೂರಿಸಿ ಇದೇ ಆರ್‌ಎನ್‌ಎ ಬಳಸಬಹುದಾ, ಅಥವಾ ಆರ್‌ಎನ್‌ಎಯನ್ನೇ ಮೊದಲಿಂದ ತೆಗೆಯಬೇಕಾ?