ಹೃದಯ ಕೋಶಗಳ ಅಸಿಟೈಲ್‌ಕೋಲಿನ್ ಕಿಟ್‌ನಲ್ಲಿ ಕಾಣ್ತಾನೇ ಇಲ್ಲ

ಲಬ್‌ಡಬ್: ನಮಸ್ಕಾರ. ಇಲಿಮರಿಗಳ ಹೃದಯದ ಸ್ನಾಯುಕೋಶ ಬೆಳೆಸುತ್ತಿದ್ದೇನೆ. ನರದ ಹಂಗಿಲ್ಲದೆ ಇವು ತಾವೇ ಅಸಿಟೈಲ್‌ಕೋಲಿನ್ (ಎದೆಬಡಿತ ನಿಧಾನ ಮಾಡುವ ರಾಸಾಯನಿಕ) ತಯಾರಿಸುತ್ತವೆ, ಅಲ್ವಾ? ತಟ್ಟೆಯಲ್ಲಿ ಚೆನ್ನಾಗಿ ಮಿಡಿಯುತ್ತಿವೆ. ಅದನ್ನು ತಯಾರಿಸುವ ಕಿಣ್ವವೂ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಪತ್ತೆ ಪರೀಕ್ಷೆ) ಸಿಕ್ಕಿದೆ. ಆದರೆ ಮೀಡಿಯಂ (ಕೋಶ ಬೆಳೆಸುವ ದ್ರವ) ಅಳೆದರೆ, ಕೋಶ ಇರುವ ವೆಲ್‌ಗೂ (ತಟ್ಟೆಯ ಗುಳಿ) ಖಾಲಿ ವೆಲ್‌ಗೂ ಒಂದೇ ರೀಡಿಂಗ್. ಮೀಡಿಯಂ ಡಿಎಂಇಎಂ, ಅದರಲ್ಲಿ 10% ಸೀರಂ, ಅಳೆಯಲು ಫ್ಲೋರೊಸೆನ್ಸ್ ಕಿಟ್.

ಪಿಪೆಟ್‌ಪ್ರಿಯ: ಸೀರಂ ಮೇಲೆ ಅನುಮಾನ. ಅದರಲ್ಲೇ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ, ಕೋಲಿನೆಸ್ಟರೇಸ್, ಇರುತ್ತದೆ. ಕೋಶ ಹೊರಗೆ ಬಿಟ್ಟಿದ್ದನ್ನು ನೀವು ಅಳೆಯುವಷ್ಟರಲ್ಲಿ ಒಡೆದು ಹಾಕಿರುತ್ತದೆ. ಇನ್ನೊಂದು, ಡಿಎಂಇಎಂನಲ್ಲಿ ಲೀಟರ್‌ಗೆ 4 ಮಿ.ಗ್ರಾಂ ಕೋಲಿನ್ ಕ್ಲೋರೈಡ್ ಇದೆ, ಅಂದರೆ ಸುಮಾರು 28 ಮೈಕ್ರೋಮೋಲಾರ್. ಅಸಿಟೈಲ್‌ಕೋಲಿನ್ ಒಡೆದಾಗ ಸಿಗುವುದೂ ಕೋಲಿನ್, ಕಿಟ್ ಕೊನೆಗೆ ಅಳೆಯುವುದು ಅದನ್ನೇ. ಕೋಶ ಬಿಡುವ ಚೂರು ಅದರಲ್ಲಿ ಮುಳುಗಿ ಹೋಗುತ್ತದೆ. ಅಳೆಯುವ ಹೊತ್ತಿಗೆ ಸೀರಂ, ಕೋಲಿನ್ ಎರಡೂ ಇಲ್ಲದ ಟೈರೋಡ್ ಎಂಬ ಲವಣ ದ್ರಾವಣಕ್ಕೆ ಬದಲಿಸಿ. ಅಸಿಟೈಲ್‌ಕೋಲಿನ್ ಒಡೆಯದಂತೆ, ಕೋಲಿನೆಸ್ಟರೇಸ್ ತಡೆಯುವ ಪಿರಿಡೋಸ್ಟಿಗ್ಮಿನ್ ಹಾಕಿ.

ಲಬ್‌ಡಬ್: ಮಾಡಿದೆ. ಈಗ ರೀಡಿಂಗ್ ಇನ್ನೂ ಕಮ್ಮಿ! ಜೊತೆಗೆ ಮಿಡಿತವೂ ನಿಧಾನ. ಕೋಶಗಳು ಸಾಯ್ತಿವೆಯಾ?

ಕೆಮಿಕಲ್ ಅಕ್ಕ: ರೀಡಿಂಗ್ ಇಳಿದದ್ದಕ್ಕೆ ಗಾಬರಿ ಬೇಡ. ಅಸಿಟೈಲ್‌ಕೋಲಿನ್ ಅನ್ನು ಕೋಲಿನ್ ಮಾಡಲು ಕಿಟ್ ಬಳಸುವುದೂ ಕೋಲಿನೆಸ್ಟರೇಸ್ ಕಿಣ್ವವನ್ನೇ. ಪಿರಿಡೋಸ್ಟಿಗ್ಮಿನ್ ಅದನ್ನೂ ಕಟ್ಟಿ ಹಾಕಿದೆ. ಈ ಕಿಟ್ ಪಕ್ಕಕ್ಕಿಟ್ಟು, ಸ್ಯಾಂಪಲ್ ಅನ್ನು ಮಾಸ್ ಸ್ಪೆಕ್‌ಗೆ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಕೊಡಿ.

ಮಿಡಿತ ನಿಧಾನವಾಗಿದ್ದು ನನಗಂತೂ ಖುಷಿಯ ಸುದ್ದಿ. ಕೋಶ ಬಿಟ್ಟ ಅಸಿಟೈಲ್‌ಕೋಲಿನ್ ಒಡೆಯದೆ ಉಳಿದು, ಅಕ್ಕಪಕ್ಕದ ಕೋಶಗಳ ಎಂ2 ಗ್ರಾಹಕಗಳಿಗೆ (ಮಿಡಿತ ನಿಧಾನ ಮಾಡುವ ಗ್ರಾಹಕಗಳು) ಅಂಟಿಕೊಂಡಿರಬಹುದು. ಒಂದು ವೆಲ್‌ಗೆ ಆ ಗ್ರಾಹಕಗಳನ್ನು ತಡೆಯುವ ಅಟ್ರೋಪಿನ್ ಹಾಕಿ ನೋಡಿ. ಮಿಡಿತ ಮೊದಲಿನಂತಾದರೆ ಕೋಶಗಳು ಸಾಯ್ತಿಲ್ಲ.

ಪಿಪೆಟ್‌ಪ್ರಿಯ: ಇಷ್ಟು ಚೂರಿಗೆ ಇಷ್ಟೊಂದು ಒದ್ದಾಟ ಯಾಕೆ ಅಂದರೆ, ಕೆಳಗಿನ ಕೋಣೆಗಳಿಗೆ, ಅಂದರೆ ವೆಂಟ್ರಿಕಲ್‌ಗಳಿಗೆ, ಅಸಿಟೈಲ್‌ಕೋಲಿನ್ ಬಿಡುವ ವೇಗಸ್ ನರದ ಎಳೆಗಳು ಹೋಗುವುದು ಕಡಿಮೆ. ಅಲ್ಲಿ ಕೋಶಗಳ ಸ್ವಂತ ತಯಾರಿಗೆ ಬೆಲೆ ಜಾಸ್ತಿ. ಹೃದಯ ಕೋಶಗಳು ಮಾತ್ರ ಅಸಿಟೈಲ್‌ಕೋಲಿನ್ ಹೊರಗೆ ಬಿಡದಂತೆ ಮಾಡಿದ ಇಲಿಗಳ ಅಧ್ಯಯನ 2013ರಲ್ಲಿ ಬಂತು. ಓಡಿದ ಮೇಲೆ ಅವುಗಳ ಎದೆಬಡಿತ ಬೇಗ ಇಳಿಯಲಿಲ್ಲ, ಹೃದಯದ ಸ್ನಾಯುವೂ ದಪ್ಪಗಾಯಿತು.

ಲಬ್‌ಡಬ್: ಅಟ್ರೋಪಿನ್ ಹಾಕಿದೆ, ಮಿಡಿತ ವಾಪಸ್ ಬಂತು! ಮಾಸ್ ಸ್ಪೆಕ್‌ಗೆ ಕಂಟ್ರೋಲ್ ಯಾವುದು ಇಡಲಿ?

ಕೆಮಿಕಲ್ ಅಕ್ಕ: ವೆಸಾಮಿಕಾಲ್. ಹೊರಗೆ ಬಿಡುವ ಮುನ್ನ ಅಸಿಟೈಲ್‌ಕೋಲಿನ್ ಕೋಶದೊಳಗಿನ ಪುಟ್ಟ ಚೀಲಗಳಿಗೆ ತುಂಬದಂತೆ ಅದು ತಡೆಯುತ್ತದೆ. ಅದನ್ನು ಹಾಕಿದ ವೆಲ್‌ನಲ್ಲಿ ಅಸಿಟೈಲ್‌ಕೋಲಿನ್ ಪೀಕ್ ಇಳಿಯಬೇಕು. ಸ್ಯಾಂಪಲ್ ಐಸ್ ಮೇಲಿಂದ ತೆಗೀಬೇಡಿ.